ಎಲ್ವಿನ್ ಜೋನ್ಸ್ ಥರ ಬಾರಿಸೋಕೆ ಹೋದರೆ ಅಟ್ಟದಿಂದ ಪಾತ್ರೆ ಉರುಳಿದ ಹಾಗೆ ಕೇಳಿಸ್ತಿದೆ. ಎಲ್ಲಿ ತಪ್ಪು?

ತಿಶ್ರತಿಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಮೃದಂಗದವರೇ ಜಾಸ್ತಿ ಇರುವ ಜಾಗಕ್ಕೆ ಡ್ರಮ್ಸ್ ಪ್ರಶ್ನೆ ತಂದಿದ್ದೇನೆ, ಬೈಯಬೇಡಿ.

ಚಿಕ್ಕವನಿದ್ದಾಗ ಏಳು ವರ್ಷ ಮೃದಂಗ ಕಲಿತೆ. ಹತ್ತನೇ ಕ್ಲಾಸ್ ಬಂತು, 'ಪರೀಕ್ಷೆ ಒಂದು ಮುಗಿಯಲಿ' ಅಂದರು ಮನೆಯಲ್ಲಿ. ಪರೀಕ್ಷೆ ಮುಗಿಯಿತು, ಮೃದಂಗ ಅಟ್ಟ ಹತ್ತಿತು. ಈಗ ನನಗೆ 38. ಬ್ಯಾಂಕಿನಲ್ಲಿ ಕೌಂಟರ್ ಕೆಲಸ. ಹೋದ ವರ್ಷ ನಮ್ಮ ಬೀದಿಯ ಹುಡುಗನೊಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ತನ್ನ ಡ್ರಮ್ ಸೆಟ್ ಮಾರಿದ. 18,000 ರೂಪಾಯಿ ಕೊಟ್ಟು ತಗೊಂಡೆ. ಬಲಗಾಲಿನಲ್ಲಿ ಬಾರಿಸುವ 22 ಇಂಚಿನ ಬೇಸ್ ಡ್ರಮ್, ಅದರೊಳಗೆ ಒಂದು ದಿಂಬು, ಕೈಗೆ ಸ್ನೇರ್ ಮತ್ತು ಮೂರು ಟಾಮ್ ಅನ್ನುವ ಡ್ರಮ್ಮುಗಳು, ಎಡಗಾಲಿನಿಂದ ಮುಚ್ಚುವ ಜೋಡಿ ಸಿಂಬಲ್ ಹೈ ಹ್ಯಾಟ್, ಜೋರು ಹೊಡೆತಕ್ಕೆ ಒಂದು ಕ್ರ್ಯಾಶ್ ಸಿಂಬಲ್, ನಡೆ ಹಿಡಿಯೋಕೆ ಅಂಚು ಸೀಳಿದ ಒಂದು ರೈಡ್ ಸಿಂಬಲ್. ಮಹಡಿ ಮೇಲಿನ ಶೀಟ್ ರೂಮಿನಲ್ಲಿ ಇಟ್ಟಿದ್ದೇನೆ. ಸಂಜೆ ಆರೂವರೆಯಿಂದ ಏಳೂವರೆ ತನಕ ಬಾರಿಸಬಹುದು ಅಂತ ಪಕ್ಕದ ಮನೆ ಅಜ್ಜಿ ಜೊತೆ ಒಪ್ಪಂದ. ಏಳೂವರೆಗೆ ಅವರ ಧಾರಾವಾಹಿ ಶುರು.

ಅಷ್ಟರಲ್ಲಿ ಗೆಳೆಯನೊಬ್ಬ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ಕೇಳಿಸಿದ. 1964ರ ಡಿಸೆಂಬರ್ 9ರಂದು ರೆಕಾರ್ಡ್ ಆದದ್ದು. ಅದರ ಮೂರನೇ ಭಾಗ ಶುರುವಾಗುವುದೇ ಬರೀ ಡ್ರಮ್ಸ್‌ನಿಂದ. ಬಾರಿಸಿದವರು ಎಲ್ವಿನ್ ಜೋನ್ಸ್. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ ಆ ತಂಡದ್ದು ಸಿಕ್ಕಿದ್ದೆಲ್ಲ ಹುಡುಕಿ ಹುಡುಕಿ ಕೇಳಿದೆ. ಏನೋ ತುಂಬಾ ಪರಿಚಯದ್ದು ಅನ್ನಿಸುತ್ತಿತ್ತು. ಒಂದು ದಿನ ಸ್ಕೂಟರಿನಲ್ಲಿ ಹೋಗುವಾಗ ಹೊಳೆಯಿತು. ಅಯ್ಯೋ, ಇದು ತಿಶ್ರ! ನಾಲ್ಕು ಪೆಟ್ಟು ಇದೆ, ಒಳಗೆಲ್ಲ ಮೂರು ಮೂರಾಗಿ ಉರುಳುತ್ತಿದೆ.

ಅಲ್ಲಿಂದ ಶುರುವಾಯಿತು ನನ್ನ ತೊಂದರೆ. ಆ ಸೋಲೋವನ್ನು ಯಾರೋ ನೊಟೇಶನ್ ಮಾಡಿ ಹಾಕಿದ್ದು ಸಿಕ್ಕಿತು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ನಾಲ್ಕು ತಿಂಗಳು ಅದನ್ನೇ ಉಜ್ಜಿದೆ. ಕೈ ಕೂತಿತು. ಹೋದ ಭಾನುವಾರ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಅಟ್ಟದಿಂದ ಪಾತ್ರೆ ಉರುಳಿದ ಹಾಗಿದೆ. ಹಾಳೆ ಇಟ್ಟುಕೊಂಡು ತಾಳೆ ನೋಡಿದೆ, ಒಂದು ಪೆಟ್ಟೂ ತಪ್ಪಿಲ್ಲ. ಹೆಂಡತಿ ಕೇಳಿ, 'ಸಂಜೆ ಕ್ಯಾಷ್ ಟ್ಯಾಲಿ ಮಾಡೋ ಹಾಗಿದೆ' ಅಂದಳು. ಅದು ನಿಜ, ಅದಕ್ಕೇ ಜಾಸ್ತಿ ಉರಿಯಿತು.

ಅವರಿಂದ ಕಲಿಯಬೇಕು ಅಂದರೆ ಯಾವುದನ್ನು ಹಿಡಿದುಕೊಳ್ಳಬೇಕು? ಮೃದಂಗ ಕಲಿತದ್ದು ಇಲ್ಲಿ ಸಹಾಯಕ್ಕೆ ಬರುತ್ತದಾ, ಇಲ್ಲ ಅದೇ ಅಡ್ಡ ಬರುತ್ತಿದೆಯಾ? ಇನ್ನೊಂದು, ಎಡಗಾಲು. ಮೃದಂಗಕ್ಕೆ ಕೂತವನಿಗೆ ಕಾಲು ಮಡಿಸಿಡೋದು ಮಾತ್ರ ಗೊತ್ತು.


ನಟುವಾಂಗದಕ್ಕ, ಪುತ್ತೂರು

ತಿಮ್ಮಣ್ಣ, ಡ್ರಮ್ಸ್ ನನಗೆ ಗೊತ್ತಿಲ್ಲ. ಮಕ್ಕಳಿಗೆ ನೃತ್ಯ ಹೇಳಿಕೊಡುತ್ತೇನೆ, ತಾಳ ಗೊತ್ತು. ನೀವು ಹೇಳಿದ್ದನ್ನು ಹಾಕಿ ಕೇಳಿದೆ. ಮೊದಲ ಸಲ ತಲೆಬುಡ ತಿಳಿಯಲಿಲ್ಲ. ಎರಡನೇ ಸಲ ತೊಡೆ ಮೇಲೆ ಏಕ ತಾಳ ಹಾಕಿಕೊಂಡು ಕೇಳಿದಾಗ ಸ್ವಲ್ಪ ದಾರಿ ಸಿಕ್ಕಿತು.

ನೀವು ಹಾಳೆ ನೋಡಿ ಬಾರಿಸಿದ್ದೀರಿ, ಬಾಯಲ್ಲಿ ಹೇಳಿದ್ದೀರಾ? ಹೇಳಿರಲಿಕ್ಕಿಲ್ಲ. ಒಂದು ಕೆಲಸ ಮಾಡಿ. ಏಕ ತಾಳ ಹಾಕಿ, ಒಂದು ತಟ್ಟು, ಮೂರು ಬೆರಳು. ಪ್ರತಿ ಎಣಿಕೆಗೆ ಒಂದು ತಕಿಟ. ಒಟ್ಟು ಹನ್ನೆರಡು ಅಕ್ಷರ ಆಯಿತಲ್ಲ. ಕೈ ಹಾಗೇ ಇರಲಿ, ಈಗ ಅದೇ ಹನ್ನೆರಡನ್ನು ತಕಧಿಮಿ ತಕಧಿಮಿ ತಕಧಿಮಿ ಅಂತ ಹೇಳಿ. ಪ್ರತಿ 'ತ'ವನ್ನು ಒತ್ತಿ ಹೇಳಿ. ಮೊದಲ ಒತ್ತು ತಟ್ಟಿನ ಮೇಲೇ ಬರುತ್ತದೆ. ಎರಡನೆಯದು, ಮೊದಲ ಬೆರಳು ಮುಟ್ಟಿದ ಮೇಲೆ ಒಂದು ಅಕ್ಷರ ಬಿಟ್ಟು. ಮೂರನೆಯದು ಎರಡನೇ ಬೆರಳಿನ ಕೊನೇ ಅಕ್ಷರಕ್ಕೆ. ಕಿರುಬೆರಳಿನಿಂದ ಶುರು ಮಾಡಿದರೆ ನಡುಬೆರಳಿಗೆ ಏನೂ ಬರುವುದಿಲ್ಲ, ಅದು ಖಾಲಿ. ಆ ರೆಕಾರ್ಡಿನಲ್ಲಿ ನನಗೆ ಕೇಳಿಸಿದ ಎಷ್ಟೋ ಜಾಗ ಇದೇ ಲೆಕ್ಕಕ್ಕೆ ಕೂರುತ್ತದೆ.

ನನ್ನ ಕ್ಲಾಸಿನ ಮಕ್ಕಳು ಎಲ್ಲರೂ ಎರಡನೇ ಒತ್ತಿನಲ್ಲಿ ಬೀಳುತ್ತಾರೆ. ಬಾಯಿ ಒತ್ತಿದ ಕಡೆಗೆ ಕೈ ಎಳೆದುಕೊಂಡು ಹೋಗುತ್ತದೆ. ಕೈ ಕದಲದ ಹಾಗೆ ಹತ್ತು ನಿಮಿಷ ಹೇಳಿ, ಆಮೇಲೆ ಕೋಲು ಮುಟ್ಟಿ. ಹೆಂಡತಿಗೆ ನನ್ನ ನಮಸ್ಕಾರ ಹೇಳಿ, ಕಿವಿ ಚೆನ್ನಾಗಿದೆ ಅವರದು.


ದಾವಣಗೆರೆ ಡ್ರಮ್ಮರ್, ಈಗ ಮಿಷಿಗನ್

ತಮ್ಮಾ, ನಿನಗಿಂತ ಇಪ್ಪತ್ತು ವರ್ಷ ದೊಡ್ಡವನು, ಏಕವಚನಕ್ಕೆ ಬೇಜಾರಾಗಬೇಡ. ಎಲ್ವಿನ್‌ನನ್ನೂ ಏಕವಚನದಲ್ಲೇ ಕರೆಯುತ್ತೇನೆ. ದೇವರಿಗೆ ಬಹುವಚನ ಹಚ್ಚುತ್ತೇವಾ?

ನಿನ್ನ ಪತ್ರ ಓದಿ ನನಗೆ ಹರಿಹರದ ಒಂದು ಮದುವೆ ನೆನಪಾಯಿತು. 1990ರ ಸುಮಾರಿಗೆ ನಾನು ದಾವಣಗೆರೆಯಲ್ಲಿ ಆರ್ಕೆಸ್ಟ್ರಾಗೆ ಡ್ರಮ್ಸ್ ಬಾರಿಸುತ್ತಿದ್ದೆ. ಗಣಪತಿ ಪೆಂಡಾಲು, ಮದುವೆ ರಿಸೆಪ್ಷನ್ನು, ಯಾವುದಾದರೂ ಸರಿ. ರಾತ್ರಿಗೆ 150 ರೂಪಾಯಿ, ಊಟ. ಯಾವುದೋ ಕ್ಯಾಸೆಟ್ಟಿನಲ್ಲಿ ಮೂರು ಮೂರರ ಒಂದು ರೋಲ್ ಕೇಳಿ ಕಲಿತಿದ್ದೆ. ಅವತ್ತು ಪ್ರತಿ ಸಾಲಿನ ಕೊನೆಗೂ ಅದನ್ನೇ ತುರುಕಿದೆ. ಹಾಡುವ ಹೆಣ್ಣುಮಗಳು ಚರಣ ಎತ್ತುವ ಜಾಗ ಗೊತ್ತಾಗದೆ ಎರಡು ಸಲ ತಪ್ಪಿದಳು. ಜನ ನಕ್ಕರು. ಅವಳು ವೇದಿಕೆ ಮೇಲೇ ಕಣ್ಣು ಒರೆಸಿಕೊಂಡಳು. ಆರ್ಕೆಸ್ಟ್ರಾ ಮಾಲೀಕ ಮಾತಾಡದೆ 50 ರೂಪಾಯಿ ಹಿಡಿದುಕೊಂಡು 100 ಕೊಟ್ಟ. ನನ್ನ ಕೈಯೂ ಅವತ್ತು ಒಂದು ಪೆಟ್ಟು ತಪ್ಪಿರಲಿಲ್ಲ, ಗೊತ್ತಾ.

1998ರಲ್ಲಿ ಇಲ್ಲಿಗೆ ಬಂದೆ. ಕಾರು ಕಂಪನಿಗೆ ಬಿಡಿಭಾಗ ಮಾಡುವವರ ಹತ್ತಿರ ಕೆಲಸ. ಮನೆ ಟ್ರಾಯ್ ಊರಿನಲ್ಲಿ. ಡೆಟ್ರಾಯ್ಟ್‌ನಿಂದ ವುಡ್‌ವರ್ಡ್ ಅವೆನ್ಯೂ ಅಂತ ಒಂದು ರಸ್ತೆ ವಾಯವ್ಯಕ್ಕೆ ಹೋಗುತ್ತದೆ, ಅದರ ಆ ತುದಿಯಲ್ಲಿ ಪಾಂಟಿಯಾಕ್. ಎಲ್ವಿನ್ ಹುಟ್ಟಿದ್ದು ಅಲ್ಲೇ, 1927ರ ಸೆಪ್ಟೆಂಬರ್ 9. ಹತ್ತು ಮಕ್ಕಳಲ್ಲಿ ಕೊನೆಯವನು. ಅಪ್ಪ ಜನರಲ್ ಮೋಟಾರ್ಸ್‌ನಲ್ಲಿ ಕೆಲಸಕ್ಕಿದ್ದ, ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಡೀಕನ್. ದೊಡ್ಡಣ್ಣ ಹ್ಯಾಂಕ್ ಪಿಯಾನೋ, ಇನ್ನೊಬ್ಬ ಅಣ್ಣ ಥ್ಯಾಡ್ ಟ್ರಂಪೆಟ್, ಇಬ್ಬರೂ ದೊಡ್ಡ ಹೆಸರು ಮಾಡಿದವರೇ. ಇವನು ಡ್ರಮ್ಸ್ ಹುಚ್ಚು ಹಿಡಿಸಿಕೊಂಡದ್ದು ಊರಿಗೆ ಬರುವ ಸರ್ಕಸ್‌ನವರ ಮೆರವಣಿಗೆ ನೋಡಿ. ಸೈನ್ಯದಲ್ಲಿ ಮೂರು ವರ್ಷ ಇದ್ದು ಬಂದ ಮೇಲೆ ಡೆಟ್ರಾಯ್ಟ್‌ನ ಬ್ಲೂ ಬರ್ಡ್ ಇನ್ ಅನ್ನೋ ಜಾಝ್ ಕ್ಲಬ್‌ನಲ್ಲಿ ಬಾರಿಸುತ್ತಿದ್ದ. ಐವತ್ತರ ದಶಕದ ನಡುವೆ ಬೆನ್ನಿ ಗುಡ್‌ಮನ್ ತಂಡಕ್ಕೆ ಸೇರಬೇಕು ಅಂತ ನ್ಯೂಯಾರ್ಕಿಗೆ ಹೋದ. ಅವರು ತಗೊಳ್ಳಲಿಲ್ಲ. ವಾಪಸ್ ಬರಲಿಲ್ಲ ಪುಣ್ಯಾತ್ಮ, ಅಲ್ಲೇ ಉಳಿದ. 1960ರಲ್ಲಿ ಕೋಲ್ಟ್ರೇನ್ ತಂಡ. ಮಿಕ್ಕದ್ದು ನಿನಗೆ ಗೊತ್ತು.

ಅವನು ಹೋದದ್ದು 2004ರ ಮೇ ತಿಂಗಳಲ್ಲಿ. ನಾನು ಈ ದೇಶಕ್ಕೆ ಬಂದು ಆರು ವರ್ಷ ಆಗಿತ್ತು. ಒಂದು ಸಲವೂ ಹೋಗಿ ಕೇಳಲಿಲ್ಲ. ಓವರ್‌ಟೈಮು, ಮಕ್ಕಳ ಸ್ಕೂಲು, ಹಿಮ, ಏನೇನೋ ನೆಪ.

ಸರಿ, ವಿಷಯಕ್ಕೆ ಬರುತ್ತೇನೆ. 'ಎ ಲವ್ ಸುಪ್ರೀಮ್' ಇರುವುದು 33 ನಿಮಿಷ. ನೀನು ಗೋಡೆಗೆ ಅಂಟಿಸಿದ ಸೋಲೋ ಒಂದೂವರೆ ನಿಮಿಷದಷ್ಟು. ಉಳಿದ ಮೂವತ್ತು ನಿಮಿಷ ಅವನು ಏನು ಮಾಡುತ್ತಿದ್ದಾನೆ ಅಂತ ಯಾವತ್ತಾದರೂ ಕೂತು ಕೇಳಿದ್ದೀಯಾ? ಸೋಲೋ ಅಂದರೆ ಹಬ್ಬದ ಎಲೆ. ಅವನ ಮನೆ ಅಡುಗೆ ರುಚಿ ನೋಡಬೇಕಾದರೆ ಮೆಕಾಯ್ ಟೈನರ್ ಪಿಯಾನೋ ಬಾರಿಸುವಾಗ ಹಿಂದೆ ಬರುವ ಸಿಂಬಲ್ ಕೇಳಬೇಕು.

ನನಗೆ ಅದು ಕೇಳಿಸಿದ್ದು ಅಕಸ್ಮಾತ್. ಲೈಬ್ರರಿಯವರು ಹಳೇ ಸಿಡಿ ಒಂದೊಂದು ಡಾಲರಿಗೆ ಮಾರುತ್ತಿದ್ದರು, ಅದರಲ್ಲಿ ಕೋಲ್ಟ್ರೇನ್ ತಂಡದ 'ಕ್ರೆಸೆಂಟ್' ಸಿಕ್ಕಿತು. ಅದೂ 1964ರದ್ದೇ. ನನ್ನ ಆಗಿನ ಕಾರಿನಲ್ಲಿ ಒಂದು ಸ್ಪೀಕರ್ ಸತ್ತಿತ್ತು, ಇನ್ನೊಂದು ಗೊರಗೊರ. ಮೇಲೆ ಹೀಟರಿನ ಸದ್ದು. ಬೇಸ್ ಅನ್ನೋ ದೊಡ್ಡ ತಂತಿವಾದ್ಯ ಕೇಳುವುದಿಲ್ಲ, ಪಿಯಾನೋ ಅರ್ಧಂಬರ್ಧ. ಇಡೀ ಚಳಿಗಾಲ, ಹೋಗ್ತಾ 40 ನಿಮಿಷ, ಬರ್ತಾ 40 ನಿಮಿಷ, ನನ್ನ ಕಿವಿಗೆ ಬಿದ್ದದ್ದು ಮುಖ್ಯವಾಗಿ ಸಿಂಬಲ್. ಫೆಬ್ರವರಿ ಹೊತ್ತಿಗೆ ಸ್ಟೀರಿಂಗ್ ಮೇಲೆ ಬೆರಳು ತಾನಾಗಿ ಆಡುತ್ತಿತ್ತು. ಆಗ ತಿಳಿಯಿತು, ನಾನು ಭಾರ ಹಾಕುವ ಜಾಗವೇ ಬೇರೆ, ಅವನು ಹಾಕುವ ಜಾಗವೇ ಬೇರೆ.

ನಿನ್ನ ಭಾಷೆಯಲ್ಲೇ ಹೇಳುತ್ತೇನೆ. ಜಾಝ್ ರೈಡಿನ ಮಾಮೂಲಿ ನಡಿಗೆ ನಾಲ್ಕು ಪೆಟ್ಟಿನದು. ಮೊದಲ ಪೆಟ್ಟಿಗೆ ಬರೀ 'ತ'. ಎರಡನೆಯದಕ್ಕೆ 'ತ' ಮತ್ತು 'ಟ', ನಡುವಿನ 'ಕಿ' ಖಾಲಿ. ಮೂರನೆಯದು ಮೊದಲಿನ ಹಾಗೆ, ನಾಲ್ಕನೆಯದು ಎರಡನೆಯದರ ಹಾಗೆ. ಟಿಂಗ್, ಟಿಂಗ್-ಗ, ಟಿಂಗ್, ಟಿಂಗ್-ಗ. ನಾವೆಲ್ಲ ಭಾರ ಹಾಕುವುದು 'ತ' ಮೇಲೆ. ಎಲ್ವಿನ್ ಎಷ್ಟೋ ಸಲ 'ಟ' ಮೇಲೆ ಕೋಲು ಒತ್ತುತ್ತಾನೆ. ಆ ಒಂದು ಸಣ್ಣ ಅಕ್ಷರ ಮುಂದಿನ ಪೆಟ್ಟನ್ನು ಕುತ್ತಿಗೆ ಹಿಡಿದು ಮುಂದಕ್ಕೆ ದಬ್ಬುತ್ತದೆ. ಉರುಳುತ್ತಿದೆ ಅಂದೆಯಲ್ಲ, ಉರುಳುವುದು ಅಲ್ಲಿಂದ. ನಿನ್ನ ಹಾಳೆಯಲ್ಲಿ ಎಲ್ಲಾ ಚುಕ್ಕೆಯೂ ಒಂದೇ ಗಾತ್ರ. ಯಾವ ಚುಕ್ಕೆ ಒಂದು ಕಿಲೋ, ಯಾವುದು ನೂರು ಗ್ರಾಂ ಅಂತ ಬರೆದಿಲ್ಲ.

ಒಂದು ವಾರ ಬೇರೆ ಏನೂ ಬೇಡ. ನಿಧಾನ ಕಾಲ, ನಿಮಿಷಕ್ಕೆ 70 ಪೆಟ್ಟು. ರೈಡ್ ಒಂದೇ. ಬಾಯಲ್ಲಿ ತಕಿಟ, ಕೈಯಲ್ಲಿ ರೈಡ್, ಭಾರ 'ಟ' ಮೇಲೆ. ಬೋರ್ ಆಗುತ್ತದೆ. ಆಗಲಿ.

ಎರಡನೇ ವಾರ ಎಡಗೈ ಸೇರಿಸು. ಸ್ನೇರ್ ಮೇಲೆ 'ಕಿ' ಮಾತ್ರ. ಕೋಲನ್ನು ಒಂದು ಇಂಚಿಗಿಂತ ಮೇಲೆ ಎತ್ತಬೇಡ. ಪಕ್ಕದ ಮನೆ ಅಜ್ಜಿಗೆ ರೈಡ್ ಕೇಳಬೇಕು, ಇದು ಕೇಳಬಾರದು. ಈಗ ನೋಡು, ಎರಡನೇ ಮತ್ತು ನಾಲ್ಕನೇ ಪೆಟ್ಟಿನಲ್ಲಿ 'ತ' ರೈಡಿಗೆ, 'ಕಿ' ಎಡಗೈಗೆ, 'ಟ' ಮತ್ತೆ ರೈಡಿಗೆ. ಪೂರ್ತಿ ತುಂಬಿತು. ಮೊದಲನೇ ಮತ್ತು ಮೂರನೇ ಪೆಟ್ಟಿನಲ್ಲಿ 'ಟ' ಖಾಲಿ ಉಳಿದಿದೆ. ಅದನ್ನು ಬಲಗಾಲಿಗೆ ಕೊಡು, ಬೇಸ್ ಡ್ರಮ್. ಮೆತ್ತಗೆ. ಹನ್ನೆರಡೂ ಅಕ್ಷರ ತುಂಬಿತು, ಆದರೆ ಒಬ್ಬರೇ ಹೇಳುತ್ತಿಲ್ಲ. ಮೂವರು ಹಂಚಿಕೊಂಡು ಒಂದೇ ಮಾತು ಆಡುತ್ತಿದ್ದಾರೆ. ಕೈ ಬೇರೆ ಕಾಲು ಬೇರೆ ಅಂತ ಕೇಳಿಸಬಾರದು. ನಿನಗೆ ಪಾತ್ರೆ ಉರುಳಿದ ಹಾಗೆ ಕೇಳಿಸಿದ್ದು ಇದಕ್ಕೇ, ಪ್ರತಿ ಪಾತ್ರೆಯೂ ಬೇರೆ ಬೇರೆಯಾಗಿ ಬೀಳುತ್ತಿದೆ.

ಆಮೇಲೆ ತೆಗೆಯುತ್ತಾ ಬಾ. ಹನ್ನೆರಡನ್ನೂ ಬಾರಿಸುತ್ತಾ ಕೂತರೆ ಅದು ಹೊಲಿಗೆ ಮಷಿನ್. ಒಂದು ಸುತ್ತಿನಲ್ಲಿ ಎರಡು 'ಕಿ' ಬಿಡು, ಇನ್ನೊಂದರಲ್ಲಿ ಕಾಲು ಬಿಡು. ತಲೆಯೊಳಗೆ ಮಾತ್ರ ತಕಿಟ ನಿಲ್ಲಬಾರದು.

ಇನ್ನೊಂದು, ಆ ದಿಂಬು. ತೆಗೆದು ಬಿಸಾಕು ಮಾರಾಯ! ದಿಂಬು ಇಟ್ಟ ಬೇಸ್ ಡ್ರಮ್ 'ದಪ್' ಅನ್ನುತ್ತದೆ, ಆರ್ಕೆಸ್ಟ್ರಾಗೆ ಅದು ಬೇಕು. ಎಲ್ವಿನ್ ಕೋಲ್ಟ್ರೇನ್ ಜೊತೆ ಇದ್ದ ಕಾಲದಲ್ಲಿ ಅವನದು ಗ್ರೆಚ್ ಕಂಪನಿಯ 18 ಇಂಚಿನ ಬೇಸ್ ಡ್ರಮ್. ಅವನಿಗೆ ಕಾಲು ಅಂದರೆ ಮೂರನೇ ಕೈ, ಕೆಳಗೆ ಇರುವ ಇನ್ನೊಂದು ಟಾಮ್. ನಿನ್ನದು 22, ಪರವಾಗಿಲ್ಲ. ಎರಡೂ ಕಡೆಯ ಚರ್ಮ ಸ್ವಲ್ಪ ಬಿಗಿ ಮಾಡು, ಸದ್ದು ಉಳಿಯಲಿ. ಮೃದಂಗದ ಎಡಕ್ಕೆ ರವೆ ಹಚ್ಚಿ ಹದ ನೋಡಿದ ಕೈ ನಿನ್ನದು, ಇದನ್ನು ನಾನು ಹೇಳಿಕೊಡಬೇಕಾ?

ಮೃದಂಗ ಅಡ್ಡ ಬರುತ್ತದಾ ಅಂತ ಕೇಳಿದೆ. ಪುತ್ತೂರಿನ ಅಕ್ಕ ಹೇಳಿದ ತಕಧಿಮಿ ಪಾಠ ಚಿನ್ನ, ಮಾಡು. ಇಲ್ಲಿಯ ಹುಡುಗರು ಅದನ್ನು ಪುಸ್ತಕ ನೋಡಿ ತಿಂಗಳಾನುಗಟ್ಟಲೆ ಒದ್ದಾಡಿ ಕಲಿಯುತ್ತಾರೆ, ನಿನಗೆ ಹತ್ತು ವರ್ಷಕ್ಕೇ ಬಾಯಿಗೆ ಬಂದಿದೆ. ಆದರೆ ಒಂದು ಜಾಗದಲ್ಲಿ ಎಚ್ಚರ. ನಮ್ಮಲ್ಲಿ ಲೆಕ್ಕ ಕಟ್ಟುವುದೇ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಇಳಿಯುವುದಕ್ಕೆ. ಮುಕ್ತಾಯ ಬಾರಿಸಿ ಸಮಕ್ಕೆ ಬಂದಾಗ ಸಭೆಯಲ್ಲಿ ತಲೆಗಳೆಲ್ಲ ಒಟ್ಟಿಗೆ ಆಡಬೇಕು, ಅದರ ಖುಷಿಯೇ ಬೇರೆ. ಎಲ್ವಿನ್ ಎಷ್ಟೋ ಸಲ ಸಮದ ಮನೆ ಮುಂದೆ ನಿಲ್ಲುವುದೇ ಇಲ್ಲ. ಮಾತು ಒಂದಕ್ಷರ ಮೊದಲೇ ಮುಗಿಯುತ್ತದೆ, ಇಲ್ಲವೇ ಸಮದ ಮೇಲೆ ಹಾದು ಮುಂದಿನ ಸುತ್ತಿನ ನಡುವೆ ಎಲ್ಲೋ ಕೂರುತ್ತದೆ. ಜೊತೆಯವರಿಗೆ ಸಮ ಎಲ್ಲಿದೆ ಅಂತ ಗೊತ್ತಿದೆ, ಅವನು ಗಂಟೆ ಹೊಡೆದು ತೋರಿಸಬೇಕಾಗಿಲ್ಲ. ನೀನು ಬಹುಶಃ ಪ್ರತಿ ನಾಲ್ಕು ಸುತ್ತಿಗೂ ಸಮಕ್ಕೆ ಬಂದು ಒಂದು ಕ್ರ್ಯಾಶ್ ಹೊಡೆದು ನಮಸ್ಕಾರ ಹಾಕುತ್ತಿದ್ದೀಯ. ಹೌದೋ ಅಲ್ವೋ?

ಕೇಳುವುದಕ್ಕೆ ಎರಡು ಹೇಳುತ್ತೇನೆ. ಸನ್ನಿ ರಾಲಿನ್ಸ್ 1957ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ಬಾರಿಸಿದ್ದು. ಪಿಯಾನೋನೇ ಇಲ್ಲ. ಸ್ಯಾಕ್ಸೊಫೋನ್, ಬೇಸ್, ಎಲ್ವಿನ್, ಮೂವರೇ. ಎಡಗೈ ಏನು ಮಾಡುತ್ತಿದೆ ಅಂತ ಬೆತ್ತಲೆಯಾಗಿ ಕೇಳುತ್ತದೆ. ಇನ್ನೊಂದು ಅದೇ ವರ್ಷ ಪಿಯಾನೋದ ಟಾಮಿ ಫ್ಲಾನಗನ್ ಸ್ಟಾಕ್‌ಹೋಮ್‌ನಲ್ಲಿ ಮಾಡಿದ 'ಓವರ್‌ಸೀಸ್'. ಅದರಲ್ಲಿ ಎಲ್ವಿನ್ ಕೈಯಲ್ಲಿ ಬ್ರಶ್. ಗುಡುಗು ಅಂತ ಹೆಸರಾದವನು ಪೊರಕೆ ಹಿಡಿದು ಅಂಗಳ ಗುಡಿಸಿದ ಹಾಗೆ ಇಡೀ ತಂಡವನ್ನು ನಡೆಸುತ್ತಾನೆ.

ನೋಡುವುದಕ್ಕೆ ಆದರೆ 1965ರಲ್ಲಿ ಬೆಲ್ಜಿಯಂನ ಕೊಂಬ್ಲೆಂ-ಲಾ-ಟೂರ್‌ನಲ್ಲಿ ತೆಗೆದ ವಿಡಿಯೋ. ಬಯಲಿನಲ್ಲಿ ವೇದಿಕೆ, ಚಳಿ, ಎಲ್ವಿನ್ ಮೈಯಿಂದ ಹಬೆ ಏಳುತ್ತಿದೆ. ಎಲ್ಲರೂ ಹಬೆ ನೋಡುತ್ತಾರೆ. ನೀನು ಭುಜ ನೋಡು. ಅಷ್ಟು ಸದ್ದಿಗೆ ಆ ಭುಜ ಎಷ್ಟು ಸಡಿಲ ಇದೆ ಅಂತ.


ಕ್ಯಾಸೆಟ್ ರಾಯರು, ಮಲ್ಲೇಶ್ವರ

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮಿಸಿ. ಕೋಲ್ಟ್ರೇನ್ ಅವರಿಗೆ ನಮ್ಮ ಸಂಗೀತದ ಮೇಲೆ ಒಲವಿತ್ತು. 1961ರಲ್ಲಿ ಅವರು ಬಾರಿಸಿದ ಒಂದು ಕೃತಿಯ ಹೆಸರೇ 'ಇಂಡಿಯಾ'. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತ ಹೆಸರಿಟ್ಟದ್ದು ರವಿಶಂಕರ್ ಅವರ ನೆನಪಿಗೆ. ಆ ಮಗನೂ ಸ್ಯಾಕ್ಸೊಫೋನ್ ಬಾರಿಸುತ್ತಾರೆ, ತೊಂಬತ್ತರ ದಶಕದಲ್ಲಿ ಇದೇ ಎಲ್ವಿನ್ ಜೋನ್ಸ್ ತಂಡದಲ್ಲಿದ್ದರು.

ಇನ್ನು ನಮ್ಮೂರಿನ ವಿಷಯ. ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿ 1983ರಲ್ಲಿ 'ಜ್ಯೋತಿ' ಅಂತ ಒಂದು ರೆಕಾರ್ಡ್ ತಂದರು. ಹಾಡಿದವರು ಆರ್.ಎ. ರಮಾಮಣಿ. ಮೃದಂಗ, ಘಟ, ಖಂಜಿರ ಜೊತೆ ಜಾಝ್ ಸ್ಯಾಕ್ಸೊಫೋನ್ ಹೇಗೆ ಕೂರುತ್ತದೆ ಅಂತ ಕೇಳಿ. ತಿಶ್ರ ಅವರಿಗೆ ಹೋದದ್ದು ನಮ್ಮಿಂದಲೇ ಇರಬಹುದೇನೋ?


ದಾವಣಗೆರೆ ಡ್ರಮ್ಮರ್, ಈಗ ಮಿಷಿಗನ್

ರಾಯರೇ, 'ಜ್ಯೋತಿ' ನೆನಪಿಸಿದ್ದಕ್ಕೆ ದೊಡ್ಡ ನಮಸ್ಕಾರ. ಕೊನೆಯ ಸಾಲು ಮಾತ್ರ ಒಪ್ಪಲ್ಲ. ಈ ಮೂರು ಮೂರರ ನಡೆ ಅವರ ಬ್ಲೂಸ್ ಹಾಡುಗಳಲ್ಲಿ, ಚರ್ಚಿನ ಚಪ್ಪಾಳೆಯಲ್ಲಿ, ಆಫ್ರಿಕಾದಿಂದ ಕ್ಯೂಬಾಗೆ ಬಂದ ಡೋಲುಗಳಲ್ಲಿ ಮೊದಲಿಂದಲೇ ಇತ್ತು. ಎಲ್ವಿನ್ ಅಪ್ಪ ಚರ್ಚಿನಲ್ಲಿ ಡೀಕನ್ ಅಂತ ಹೇಳಿದೆನಲ್ಲ. ನಮ್ಮ ಮನೆಯ ಸೊಪ್ಪಿನ ಸಾರೂ ಅವರ ಮನೆಯದೂ ಒಂದೇ ರುಚಿ ಇದ್ದರೆ, ನಮ್ಮಿಂದ ಕದ್ದರು ಅಂತ ಹೇಳಬೇಕಾಗಿಲ್ಲ.

ಇನ್ನೊಂದು ಹೇಳಲು ಮರೆತಿದ್ದೆ, ತಿಮ್ಮನಿಗೆ. 1963ರ ಸೆಪ್ಟೆಂಬರ್ 15ರಂದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚಿಗೆ ಬಾಂಬ್ ಇಟ್ಟರು, ನಾಲ್ಕು ಹುಡುಗಿಯರು ಸತ್ತರು. ಆಮೇಲೆ ಆ ನವೆಂಬರ್‌ನಲ್ಲಿ ಕೋಲ್ಟ್ರೇನ್ 'ಅಲಬಾಮಾ' ರೆಕಾರ್ಡ್ ಮಾಡಿದ. ಅದರಲ್ಲಿ ಎಲ್ವಿನ್ ಎಷ್ಟು ಕಮ್ಮಿ ಬಾರಿಸಿದ್ದಾನೆ ಕೇಳು. ದೂರದಲ್ಲಿ ಉರುಳುವ ಸದ್ದು, ಅಷ್ಟೇ. ಕೊನೆಗೆ ಬಂದಾಗ ಮಾತ್ರ ಆ ಸದ್ದು ಮೇಲೆದ್ದು ಬರುತ್ತದೆ. ಅವನ ಹಾಗೆ ಬಾರಿಸುತ್ತೇನೆ ಅನ್ನುವವರು ಯಾರೂ ಇದನ್ನು ಗೋಡೆಗೆ ಅಂಟಿಸುವುದಿಲ್ಲ. ನಾನೂ ಅಂಟಿಸಿರಲಿಲ್ಲ.


ತಿಶ್ರತಿಮ್ಮ, ಮೈಸೂರು

ಅಣ್ಣಾ, ಅಕ್ಕಾ, ರಾಯರೇ, ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ತಡಕ್ಕೆ ಕ್ಷಮಿಸಿ, ಮಾರ್ಚ್ ಕೊನೆ, ಬ್ಯಾಂಕಿನವರ ಗೋಳು ನಿಮಗೆ ಗೊತ್ತು.

ಮೊದಲು ದಿಂಬಿನ ವಿಷಯ. ಎಳೆದು ತೆಗೆದರೆ ಒಳಗೆ ಇಲಿ ಹತ್ತಿ ಕಿತ್ತು ಗೂಡು ಮಾಡಿತ್ತು. ಎಲ್ಲ ಗುಡಿಸಿ, ಎರಡೂ ಕಡೆ ಬಿಗಿ ಮಾಡಿ, ಕಾಲಿಟ್ಟೆ. ಅದು ಡ್ರಮ್ಮೇ ಬೇರೆ ಅನ್ನಿಸಿತು. 'ತೊಂ' ಅಂತು! ಇಪ್ಪತ್ತೆರಡು ವರ್ಷದ ಮೇಲೆ ಮೃದಂಗದ ಆ ಅಕ್ಷರ ಕೇಳಿಸಿತು.

ಅಕ್ಕ ಹೇಳಿದ್ದು ನಿಜ, ನಾನೂ ಎರಡನೇ ಒತ್ತಿನಲ್ಲೇ ಬಿದ್ದೆ. ಕೌಂಟರಿನ ಕೆಳಗೆ ತೊಡೆ ಮೇಲೆ ಏಕ ತಾಳ ಹಾಕುತ್ತಾ ಬಾಯೊಳಗೆ ತಕಧಿಮಿ ಅನ್ನುತ್ತಿದ್ದೆ. ಡಿಡಿ ಮಾಡಿಸಲು ಬಂದ ಒಬ್ಬರು 'ಏನಂದ್ರಿ?' ಅಂತ ಮೂರು ಸಲ ಕೇಳಿದರು. ಹತ್ತನೇ ದಿನಕ್ಕೆ ಕೈ ನಿಂತಿತು.

ರೈಡ್ ಒಂದೇ ಒಂದು ವಾರ ಅಂದಿದ್ದಿರಿ, ನನಗೆ ಮೂರು ವಾರ ಹಿಡಿಯಿತು. 'ಟ' ಮೇಲೆ ಭಾರ ಹಾಕಿದ ತಕ್ಷಣ ಕಾಲ ಓಡುತ್ತಿತ್ತು. 70ಕ್ಕೆ ಶುರು ಮಾಡಿ ಎರಡು ನಿಮಿಷಕ್ಕೆ 84ಕ್ಕೆ ಹೋಗುತ್ತಿದ್ದೆ. ಆಮೇಲೆ ಅರ್ಥ ಆಯಿತು, ನಾನು 'ಟ'ವನ್ನು ಒತ್ತುತ್ತಿರಲಿಲ್ಲ, ಬೇಗ ಹಾಕುತ್ತಿದ್ದೆ. ಒತ್ತುವುದಕ್ಕೂ ಮುಂಚೆ ಬರುವುದಕ್ಕೂ ವ್ಯತ್ಯಾಸ ಇದೆ ಅಂತ ನನ್ನ ಮಣಿಕಟ್ಟಿಗೆ ಗೊತ್ತಿರಲಿಲ್ಲ. ಕೋಲಿನ ತುದಿಯನ್ನು ಬಿಟ್ಟು ಅದರ ಕತ್ತಿನ ಕಡೆ ಸ್ವಲ್ಪ ತಗುಲಿಸಿದಾಗ ಸರಿ ಹೋಯಿತು. ಸರಿ ತಾನೇ ಅದು?

ನಮಸ್ಕಾರದ ವಿಷಯದಲ್ಲಿ ಸಿಕ್ಕಿಬಿದ್ದೆ. ಹಳೇ ರೆಕಾರ್ಡಿಂಗ್ ಎಣಿಸಿ ನೋಡಿದೆ. ಮೂರು ನಿಮಿಷದಲ್ಲಿ ಹತ್ತೊಂಬತ್ತು ಕ್ರ್ಯಾಶ್, ಹದಿನೇಳು ಸಮದ ಮೇಲೆ. ಈಗ ಕ್ರ್ಯಾಶ್ ಬಿಚ್ಚಿ ಬೀರು ಮೇಲೆ ಇಟ್ಟಿದ್ದೇನೆ. ಹಾಳೆಯನ್ನೂ ಗೋಡೆಯಿಂದ ಕಿತ್ತೆ.

ಪಕ್ಕದ ಮನೆ ಅಜ್ಜಿ ಮೊನ್ನೆ ಮೆಟ್ಟಿಲ ಹತ್ತಿರ ನಿಲ್ಲಿಸಿ, 'ಯಾಕಪ್ಪಾ, ಬಿಟ್ಟುಬಿಟ್ಟೆಯಾ?' ಅಂತ ಕೇಳಿದರು. ಇಲ್ಲ ಅಜ್ಜಿ, ದಿನಾ ಬಾರಿಸ್ತಿದ್ದೀನಿ ಅಂದೆ. ನಂಬಲಿಲ್ಲ.

ಎಡಗಾಲಿನ ಪ್ರಶ್ನೆ ಹಾಗೇ ಉಳಿದಿದೆ. ಹೈ ಹ್ಯಾಟ್ ಎರಡು ಮತ್ತು ನಾಲ್ಕಕ್ಕೆ ಮುಚ್ಚಲು ಹೋದರೆ ಎಡಗೈಯ 'ಕಿ' ಅದರ ಜೊತೆ ಎದ್ದು ಹೋಗುತ್ತದೆ.


ದಾವಣಗೆರೆ ಡ್ರಮ್ಮರ್, ಈಗ ಮಿಷಿಗನ್

ಕೋಲಿನ ಕತ್ತು ತಗುಲಿಸಿದ್ದು ಸರಿ. ಆದರೆ ಸೀಳಿದ ಅಂಚಿನ ಹತ್ತಿರ ಹಾಗೆ ಮಾಡಬೇಡ, ಇನ್ನೂ ಸೀಳುತ್ತದೆ. ರೈಡನ್ನು ತಿರುಗಿಸಿ ಸೀಳು ನಿನ್ನಿಂದ ಆಚೆ ಇರುವ ಹಾಗೆ ಇಟ್ಟುಕೋ.

ಎಡಗಾಲಿಗೆ ಒಂದು ತಿಂಗಳು ರಜಾ ಕೊಡು. ಹೈ ಹ್ಯಾಟ್ ಎರಡು ನಾಲ್ಕಕ್ಕೆ ಗಟ್ಟಿಯಾಗಿ ಮುಚ್ಚಲೇಬೇಕು ಅಂತ ಬೇರೆಯವರು ಹೇಳುತ್ತಾರೆ, ಅವರ ಪಾಠಕ್ಕೆ ಅದು ಸರಿ. ಎಲ್ವಿನ್ ಎಡಗಾಲು ಆ ಕೆಲಸಕ್ಕೆ ಕಟ್ಟುಬಿದ್ದಿರಲಿಲ್ಲ, ಮಾತಿನ ನಡುವೆ ಬೇಕಾದಲ್ಲಿ ಅದೂ ಒಂದು ಅಕ್ಷರ ಹೇಳುತ್ತಿತ್ತು. ರಜಾ ಮುಗಿದ ಮೇಲೆ ರೈಡ್ ಮತ್ತು ಎಡಗಾಲು ಎರಡೇ ಇಟ್ಟುಕೊಂಡು ಶುರು ಮಾಡು, ಎಡಗೈ ತೊಡೆ ಮೇಲಿರಲಿ. ಎಡಗೈ ತಾನಾಗಿ ಎದ್ದು ಬಂದರೆ ಅದರ ಮೇಲೆ ಕೂತುಕೋ.

ಮುಂದಿನ ರೆಕಾರ್ಡಿಂಗ್ ಇಲ್ಲಿ ಹಾಕು. ಫೋನನ್ನು ಸಿಂಬಲ್ ಪಕ್ಕ ಇಡಬೇಡ, ಬಾಗಿಲಾಚೆ ಮೆಟ್ಟಿಲ ಮೇಲಿಡು. ಅಜ್ಜಿಗೆ ಏನು ಕೇಳಿಸುತ್ತದೋ ನಮಗೂ ಅದೇ ಕೇಳಿಸಲಿ.